ಕೌಂಟರ್ ಹಿಂದೆ ನಿಂತವನ ಲೆಕ್ಕ

(ದಾವಣಗೆರೆಯ ಒಂದು ಕಾಲೇಜಿನಲ್ಲಿ ಬಿ.ಕಾಂ., ಬಿಬಿಎ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಾಡುವಾಗ ಅಲ್ಲಲ್ಲಿ ದಾರಿ ತಪ್ಪಿದ್ದೆ. ಬರೆಯುವಾಗ ಸ್ವಲ್ಪ ಸರಿ ಮಾಡಿದ್ದೇನೆ, ಪೂರ್ತಿ ಅಲ್ಲ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಪ್ರಶ್ನೆ. ಅಂಗಡಿಗೆ ಒಂದು ಫೋನ್ ತಗೋಬೇಕು ಅಂತ ಹೋಗಿ, ಬೇರೆ ಯಾವುದೋ ಫೋನ್ ತಗೊಂಡು ಬಂದವರು ಎಷ್ಟು ಜನ ಇದ್ದೀರಿ? ಕೈ ಎತ್ತಿ. ಪರವಾಗಿಲ್ಲ, ನಾಚಿಕೆ ಬೇಡ. ಅರ್ಧ ಸಭಾಂಗಣ ಕೈ ಎತ್ತಿದೆ.

ನಿಮ್ಮ ಮನಸ್ಸು ಬದಲಾಯಿಸಿದ ಹುಡುಗ ಇದ್ದಾನಲ್ಲ, ಅವನ ಜಾಗದಲ್ಲಿ ನಾನು ಮೂರು ವರ್ಷ ನಿಂತಿದ್ದೆ. 2011ರಿಂದ 2014ರವರೆಗೆ, ಇದೇ ಊರಿನಲ್ಲಿ, ಮಂಡಿಪೇಟೆ ಹತ್ತಿರ. ಆಮೇಲೆ ಡಿಸ್ಟ್ರಿಬ್ಯೂಟರ್ ಕಡೆಗೆ ಹೋದೆ, ಈಗ ಬೇರೆ ವ್ಯಾಪಾರ. ಆದರೆ ಆ ಮೂರು ವರ್ಷದಲ್ಲಿ ಕಲಿತದ್ದು ಇವತ್ತಿಗೂ ಕೆಲಸಕ್ಕೆ ಬರುತ್ತಿದೆ.

ನಮ್ಮ ಅಂಗಡಿಯ ಶೋಕೇಸಿನ ಹಿಂಭಾಗಕ್ಕೆ, ಗ್ರಾಹಕರಿಗೆ ಕಾಣದ ಹಾಗೆ, ಒಂದು ಬಿಳಿ ಹಾಳೆ ಅಂಟಿಸಿರುತ್ತಿತ್ತು. ಎಡಗಡೆ ಮಾಡೆಲ್ ಹೆಸರು, ಬಲಗಡೆ ರೂಪಾಯಿ. ಈ ಫೋನ್ ಮಾರಿದರೆ 50, ಆ ಫೋನ್ ಮಾರಿದರೆ 100. ತಿಂಗಳಿಗೆ ಹತ್ತು ದಾಟಿದರೆ ಎಲ್ಲದಕ್ಕೂ ಡಬಲ್. ಇದಕ್ಕೆ ನಾವು ಸ್ಕೀಮ್ ಅಂತಿದ್ದೆವು. ಹಾಳೆ ವಾರಕ್ಕೊಮ್ಮೆ ಬದಲಾಗುತ್ತಿತ್ತು. ಅದರಲ್ಲಿ ಒಂದು ವಿಚಿತ್ರ ಗಮನಿಸಿದ್ದೆ. ಎಲ್ಲಕ್ಕಿಂತ ಜಾಸ್ತಿ ದುಡ್ಡು ಯಾವುದಕ್ಕೆ ಬರೆದಿರುತ್ತಿತ್ತೋ, ಅದು ಯಾರೂ ಕೇಳಿಕೊಂಡು ಬರದ ಫೋನ್ ಆಗಿರುತ್ತಿತ್ತು. ಚೆನ್ನಾಗಿ ಓಡುವ ಫೋನಿಗೆ ಹತ್ತು ಪೈಸೆ ಇಲ್ಲ. ಓಡದ ಕುದುರೆಗೇ ಹುಲ್ಲು ಜಾಸ್ತಿ.

ಹಾಗಾದರೆ ಜಾಸ್ತಿ ಸ್ಕೀಮ್ ಇರುವ ಫೋನ್ ಜಾಸ್ತಿ ಮಾರಾಟ ಆಗಬೇಕಿತ್ತು, ಅಲ್ವಾ? ಆಗುತ್ತಿರಲಿಲ್ಲ. ಇವತ್ತಿನ ಮಾತು ಅದರ ಬಗ್ಗೆಯೇ.

ನಮ್ಮ ಅಂಗಡಿಯ ಕತೆಗೆ ಮೊದಲು ಅಮೆರಿಕದ ಕತೆ ಹೇಳುತ್ತೇನೆ. ಯಾಕಂದರೆ ಅಲ್ಲಿ ಇದೇ ಆಟ ಸಾವಿರಾರು ಕೋಟಿಯಲ್ಲಿ ನಡೆಯಿತು, ಮತ್ತು ಅದರ ಲೆಕ್ಕ ಬಹುಪಾಲು ಬಹಿರಂಗವಾಗಿದೆ.

2011ರ ಫೆಬ್ರವರಿ 11ರಂದು ಲಂಡನ್ನಿನಲ್ಲಿ ನೋಕಿಯಾದ ಮುಖ್ಯಸ್ಥ ಸ್ಟೀಫನ್ ಎಲೊಪ್ ಮತ್ತು ಮೈಕ್ರೋಸಾಫ್ಟಿನ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಕೈ ಕುಲುಕಿದರು. ನೋಕಿಯಾ ತನ್ನ ಸಿಂಬಿಯನ್ ಓಎಸ್ (ಓಎಸ್ ಅಂದರೆ ಫೋನನ್ನು ನಡೆಸುವ ಮೂಲ ಸಾಫ್ಟ್‌ವೇರ್) ಬಿಟ್ಟು ಮೈಕ್ರೋಸಾಫ್ಟಿನ ವಿಂಡೋಸ್ ಫೋನ್ ಹಿಡಿಯುತ್ತದೆ ಅಂತ ಘೋಷಣೆ ಆಯಿತು. ಆ ಹೊತ್ತಿಗೆ ವಿಂಡೋಸ್ ಫೋನ್ ಬಂದು ಕೆಲವೇ ತಿಂಗಳಾಗಿತ್ತು, ಅದರ ಓಟ ನಿಧಾನವಾಗಿತ್ತು. ಈ ಸಂಬಂಧ ಕುದುರಿಸಲು ಮೈಕ್ರೋಸಾಫ್ಟ್ ನೋಕಿಯಾಗೆ ಮೂರು ತಿಂಗಳಿಗೊಮ್ಮೆ 25 ಕೋಟಿ ಡಾಲರ್ ಕೊಡುತ್ತಿತ್ತು. ಪ್ಲಾಟ್‌ಫಾರ್ಮ್ ಸಪೋರ್ಟ್ ಹಣ ಅಂತ ನೋಕಿಯಾದ ಲೆಕ್ಕಪತ್ರದಲ್ಲೇ ಅದು ಬರುತ್ತಿತ್ತು. ನೋಕಿಯಾ ತಿರುಗಿ ಸಾಫ್ಟ್‌ವೇರಿಗೆ ರಾಯಲ್ಟಿ ಕಟ್ಟಬೇಕಿತ್ತು, ಅದು ಬೇರೆ ಮಾತು.

ಇದು ಮೇಲಿನ ಮಹಡಿಯ ಸ್ಕೀಮ್. ಕೆಳಗಿನ ಮಹಡಿಯದು ನೋಡಿ. ಅಮೆರಿಕದ ಅಂಗಡಿಗಳಲ್ಲಿ ಒಂದು ವಿಂಡೋಸ್ ಫೋನ್ ಮಾರಿದ ಹುಡುಗನಿಗೆ ಹತ್ತರಿಂದ ಹದಿನೈದು ಡಾಲರ್ ಸಿಗುತ್ತದೆ ಅಂತ 2012ರ ಶುರುವಿನಲ್ಲಿ ಸುದ್ದಿ ಬಂತು. ಅಲ್ಲಿ ಇದನ್ನು ಸ್ಪಿಫ್ ಅನ್ನುತ್ತಾರೆ. ಆ ಸುದ್ದಿ ಓದಿದಾಗ ನನಗೆ ನಗು ಬಂತು. ನಮ್ಮ ಬಿಳಿ ಹಾಳೆ ಅಲ್ಲೂ ಇದೆ, ಕರೆನ್ಸಿ ಮಾತ್ರ ಬೇರೆ.

ಆಮೇಲೆ ಬಂತು ನೋಕಿಯಾದ ವಿಂಡೋಸ್ ಫೋನ್, ಲೂಮಿಯಾ 900. ಅಮೆರಿಕದಲ್ಲಿ ಫೋನ್ ಮಾರುವುದು ಬಹುಮಟ್ಟಿಗೆ ಸಿಮ್ ಕಂಪನಿಗಳೇ. ಆಗ ಎರಡು ವರ್ಷದ ಕಾಂಟ್ರಾಕ್ಟಿಗೆ ಸಹಿ ಹಾಕಿದರೆ ಫೋನಿನ ಬೆಲೆಯ ದೊಡ್ಡ ಪಾಲನ್ನು ಕಂಪನಿಯೇ ಹೊರುತ್ತಿತ್ತು, ಆಮೇಲೆ ತಿಂಗಳ ಬಿಲ್ಲಿನಲ್ಲಿ ವಸೂಲಿ ಮಾಡಿಕೊಳ್ಳುತ್ತಿತ್ತು. ಎಟಿ ಅಂಡ್ ಟಿ ಕಂಪನಿ ಲೂಮಿಯಾ 900 ಅನ್ನು 99.99 ಡಾಲರಿಗೆ ಇಟ್ಟಿತು. ಹೊಸ ಐಫೋನ್ ಆಗ ಅದರ ಎರಡರಷ್ಟು. ದೊಡ್ಡ ಪ್ರಚಾರ ಮಾಡುತ್ತೇವೆ ಅಂತ ಕಂಪನಿ ಮೊದಲೇ ಸಾರಿತ್ತು. ಬಿಡುಗಡೆಗೆ ಇಟ್ಟ ದಿನ 2012ರ ಏಪ್ರಿಲ್ 8. ಅವತ್ತು ಈಸ್ಟರ್ ಭಾನುವಾರ. ಎಟಿ ಅಂಡ್ ಟಿಯ ಬಹಳಷ್ಟು ಅಂಗಡಿಗಳು ಮುಚ್ಚಿದ್ದವು! ಯುಗಾದಿ ದಿನ ಬಾಗಿಲು ಹಾಕಿಕೊಂಡು ಇವತ್ತಿನಿಂದ ಹೊಸ ಸ್ಕೀಮ್ ಅಂತ ಬೋರ್ಡ್ ಬರೆದ ಹಾಗೆ.

ಸಾಲದ್ದಕ್ಕೆ ಅದೇ ವಾರ ಫೋನಿನ ಡೇಟಾ ಸಂಪರ್ಕ ತಪ್ಪಿ ಹೋಗುವ ದೋಷ ಕಂಡಿತು. ನೋಕಿಯಾ ತಪ್ಪು ಒಪ್ಪಿಕೊಂಡು, ಏಪ್ರಿಲ್ 21ರೊಳಗೆ ಕೊಂಡವರಿಗೆಲ್ಲ ಬಿಲ್ಲಿನಲ್ಲಿ 100 ಡಾಲರ್ ವಜಾ ಮಾಡಿಸಿತು. ಅಂದರೆ ಫೋನ್ ಪುಕ್ಕಟೆ. ದೋಷವನ್ನೂ ಬೇಗ ಸರಿಪಡಿಸಿದರು. ನ್ಯಾಯವಾಗಿ ನಡೆದುಕೊಂಡರು ಅಂತಲೇ ನಾನು ಹೇಳುವುದು. ಆದರೆ ನಿಜವಾದ ಪೆಟ್ಟು ಬಿದ್ದದ್ದು ಜೂನ್ 20ಕ್ಕೆ. ಅವತ್ತು ಮೈಕ್ರೋಸಾಫ್ಟ್ ವಿಂಡೋಸ್ ಫೋನ್ 8 ತೋರಿಸಿತು. ಹಳೆಯ ಫೋನುಗಳಿಗೆ ಅದು ಬರುವುದಿಲ್ಲ ಅಂದಿತು. ಏಪ್ರಿಲಿನಲ್ಲಿ ಕೊಂಡವರ ಫೋನ್ ಜೂನಿನಲ್ಲಿ ಹಳತು. ಸಮಾಧಾನಕ್ಕೆ 7.8 ಅಂತ ಒಂದು ಸಣ್ಣ ಅಪ್‌ಡೇಟ್ ಕೊಟ್ಟರು, ಅಷ್ಟೇ.

ಈಗ ಎಟಿ ಅಂಡ್ ಟಿ ಕೌಂಟರಿನ ಹಿಂದೆ ನಿಂತ ಹುಡುಗನ ಜಾಗದಲ್ಲಿ ನಿಂತು ನೋಡಿ. ಏಪ್ರಿಲಿನಲ್ಲಿ ಹದಿನೈದು ಡಾಲರ್ ಆಸೆಗೆ ನೀವು ಹತ್ತು ಜನಕ್ಕೆ ಮಾತು ಕೊಟ್ಟು ಫೋನ್ ಮಾರಿದ್ದೀರಿ. ಜುಲೈನಲ್ಲಿ ಆ ಹತ್ತರಲ್ಲಿ ಮೂವರು ಬಂದು ನಿಮ್ಮ ಮುಂದೆ ನಿಂತರು. ಮೈಕ್ರೋಸಾಫ್ಟಿನ ಮುಂದೆ ಅಲ್ಲ, ನಿಮ್ಮ ಮುಂದೆ. ಮುಂದಿನ ಸಲ ಇನ್ನೊಬ್ಬರು ಬಂದು ಯಾವುದು ತಗೊಳ್ಳಲಿ ಅಂತ ಕೇಳಿದರೆ ಏನು ತೋರಿಸುತ್ತೀರಿ?

ಹೋಗಲಿ, ನನ್ನದೇ ಒಂದು ಕತೆ ಹೇಳುತ್ತೇನೆ. ಫೋನಿನ ಹೆಸರು ಕೇಳಬೇಡಿ, ಹೇಳುವುದಿಲ್ಲ. ಆಗ ಆಂಡ್ರಾಯ್ಡೂ ಅಲ್ಲದ, ಐಫೋನೂ ಅಲ್ಲದ ಫೋನುಗಳು ನಾಲ್ಕೈದು ಇದ್ದವು, ಅದರಲ್ಲೊಂದು. ನಮ್ಮ ಹಾಳೆಯಲ್ಲಿ ಅದರ ಮುಂದೆ 300 ಅಂತ ಬರೆದಿತ್ತು. ನಮ್ಮ ಹಾಳೆಯ ಇತಿಹಾಸದಲ್ಲೇ ದೊಡ್ಡ ಮೊತ್ತ.

ಒಂದು ಸಂಜೆ ಒಬ್ಬ ನಿವೃತ್ತ ಮೇಷ್ಟ್ರು ಬಂದರು. ಬಿಳಿ ಶರ್ಟು, ಜೇಬಿನಲ್ಲಿ ಎರಡು ಪೆನ್ನು. "ನೋಡಪ್ಪಾ, ನಂಗೆ ಅಕ್ಷರ ದೊಡ್ಡದಾಗಿ ಕಾಣ್ಬೇಕು, ಹ್ಯಾಂಗ್ ಆಗಬಾರದು, ಅಷ್ಟೇ" ಅಂದರು. ನಾನು ಆ 300 ರೂಪಾಯಿ ಫೋನ್ ತೆಗೆದೆ. ಸುಳ್ಳು ಹೇಳಲಿಲ್ಲ. ಅಕ್ಷರ ದೊಡ್ಡದಾಗಿತ್ತು, ಹ್ಯಾಂಗ್ ಆಗುತ್ತಿರಲಿಲ್ಲ, ಗಟ್ಟಿಯೂ ಇತ್ತು. ಹತ್ತು ನಿಮಿಷದಲ್ಲಿ ಮಾರಿದೆ. ಅವರು ಖುಷಿಯಾಗಿ ಹೋದರು.

ಮೂರನೇ ದಿನ ವಾಪಸ್ ಬಂದರು. ಸಿಟ್ಟಿಲ್ಲ, ಅದೇ ಕಷ್ಟ. ಮೆಲ್ಲಗೆ ಫೋನ್ ಕೌಂಟರ್ ಮೇಲೆ ಇಟ್ಟು, "ನಮ್ ಪಕ್ಕದ ಮನೆಯವರ ಫೋನ್‌ನಲ್ಲಿ ಪಂಚಾಂಗ ಬರುತ್ತಪ್ಪಾ, ನಂದ್ರಲ್ಲಿ ಎಲ್ಲಿದೆ ತೋರ್ಸು" ಅಂದರು. ಆ ಫೋನಿಗೆ ಆಪ್ ಸಿಗುವ ಆನ್‌ಲೈನ್ ಅಂಗಡಿಯಲ್ಲಿ ಆ ಪಂಚಾಂಗ ಇರಲಿಲ್ಲ. ಹುಡುಕಿದೆ, ಬೇರೇನಾದರೂ ಸಿಗುತ್ತಾ ಅಂತ ನೋಡಿದೆ, ಇಲ್ಲ. ನಾಳೆ ಬನ್ನಿ ಸರ್ ಅಂದೆ. ನಾಳೆಯೂ ಬಂದರು. ನಾಡಿದ್ದೂ ಬಂದರು. ಒಂದು ವಾರ ದಿನಾ ಸಂಜೆ ಐದಕ್ಕೆ, ವಾಕಿಂಗ್ ಮುಗಿಸಿ. ಅಂಗಡಿ ತುಂಬಾ ಗ್ರಾಹಕರಿದ್ದಾಗ ಮೂಲೆಯ ಸ್ಟೂಲ್ ಮೇಲೆ ಕೂತು ಕಾಯುತ್ತಿದ್ದರು. ಬಂದವರು ಅವರನ್ನು ಮಾತಾಡಿಸಿ, "ಏನು ಮೇಷ್ಟ್ರೇ, ಫೋನ್ ಸರಿ ಇಲ್ವಾ?" ಅಂತ ಕೇಳುತ್ತಿದ್ದರು. ಅವರು ಪಾಪ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದರು.

ಆ ಒಂದು ವಾರದಲ್ಲಿ ನಾನು ಎಷ್ಟು ಬೇರೆ ಮಾರಾಟ ಕಳೆದುಕೊಂಡೆ ಅನ್ನುವ ಲೆಕ್ಕ ಬಿಳಿ ಹಾಳೆಯಲ್ಲಿ ಇರಲಿಲ್ಲ. ಅದಾದ ಮೇಲೆ 300 ಅಲ್ಲ, 500 ಬರೆದರೂ ನಾನು ಆ ಫೋನ್ ಮುಟ್ಟುತ್ತಿರಲಿಲ್ಲ. ನಾನು ಮಾತ್ರ ಅಲ್ಲ, ಪಕ್ಕದಲ್ಲಿ ನಿಂತು ನೋಡಿದ ಇಬ್ಬರು ಹುಡುಗರೂ ಮುಟ್ಟಲಿಲ್ಲ. ಸ್ಕೀಮ್ ದುಡ್ಡು ಒಂದು ಸಲ ಬರುತ್ತದೆ. ಗ್ರಾಹಕರು ಮತ್ತೆ ಮತ್ತೆ ಬರುತ್ತಾರೆ.

ವಿಂಡೋಸ್ ಫೋನ್ ವಿಷಯಕ್ಕೆ ಬರೋಣ. ಅದು ಕೆಟ್ಟದ್ದಾಗಿರಲಿಲ್ಲ, ಈ ಮಾತು ಸ್ಪಷ್ಟ ಇರಲಿ. ಕಣ್ಣಿಗೆ ಹಬ್ಬ. ಆದರೆ ಶುರುವಿನ ಫೋನುಗಳು ನಮ್ಮ ಬೀದಿಗೆ ಹೊಂದುತ್ತಿರಲಿಲ್ಲ. ಆಗಿನ ಕಾಲ ನೆನಪಿಸಿಕೊಳ್ಳಿ. ರೀಚಾರ್ಜ್ ಅಂಗಡಿಗೆ ಹೋಗಿ ಇಪ್ಪತ್ತು ರೂಪಾಯಿ ಕೊಟ್ಟರೆ ಮೆಮೊರಿ ಕಾರ್ಡ್ ತುಂಬಾ ಹಾಡು ಹಾಕಿಕೊಡುತ್ತಿದ್ದರು. ಲೂಮಿಯಾ 800ರಲ್ಲಿ ಮೆಮೊರಿ ಕಾರ್ಡ್ ಹಾಕಲು ಜಾಗವೇ ಇಲ್ಲ. ಹಾಡು ಬೇಕಾದರೆ ಕಂಪ್ಯೂಟರಿನಲ್ಲಿ ಝೂನ್ ಅನ್ನುವ ಸಾಫ್ಟ್‌ವೇರ್ ಹಾಕಬೇಕು. ಬ್ಲೂಟೂತಿನಲ್ಲಿ ಗೆಳೆಯನಿಗೆ ಒಂದು ಫೋಟೋ ಕಳಿಸಲೂ ಬರುತ್ತಿರಲಿಲ್ಲ. ಇದನ್ನು ರೆಡ್ಮಂಡಿನ ಮೈಕ್ರೋಸಾಫ್ಟ್ ಕಚೇರಿಯಲ್ಲಿ ಕೂತವರಿಗೆ ಯಾರು ಹೇಳಬೇಕಿತ್ತು? ಕೌಂಟರ್ ಹುಡುಗರು. ಅವರನ್ನು ಯಾರೂ ಕೇಳಲಿಲ್ಲ, ದುಡ್ಡು ಮಾತ್ರ ಕಳಿಸಿದರು.

ಇನ್ನೊಂದು ಸಣ್ಣ ವಿಷಯ. ವಿಂಡೋಸ್ ಫೋನಿನ ಚೆಂದ ಇದ್ದದ್ದು ಪರದೆಯ ಮೇಲಿನ ಚೌಕಗಳು ತಾವಾಗೇ ಅಲುಗಾಡುವುದರಲ್ಲಿ. ಸಣ್ಣ ಊರಿನ ಅಂಗಡಿಗೆ ಕಳಿಸುತ್ತಿದ್ದದ್ದು ಡಮ್ಮಿ ಪೀಸ್, ಮೇಲೆ ಒಂದು ಸ್ಟಿಕ್ಕರ್. ಸ್ಟಿಕ್ಕರ್ ಅಲುಗಾಡುತ್ತಾ? ಬಿಸಿಲಿಗೆ ಬಣ್ಣ ಹೋಗಿ ಅಂಚು ಎದ್ದಿರುತ್ತಿತ್ತು. ಹುಡುಗನಿಗೆ ಕೊಡುವ ಸ್ಕೀಮ್ ದುಡ್ಡಿನಲ್ಲಿ ಅಂಗಡಿಗೊಂದು ನಿಜವಾದ ಡೆಮೊ ಫೋನ್ ಕೊಟ್ಟಿದ್ದರೆ ಹೆಚ್ಚು ಉಪಯೋಗ ಆಗುತ್ತಿತ್ತು ಅಂತ ನನಗೆ ಇವತ್ತಿಗೂ ಅನಿಸುತ್ತದೆ.

2013ರಲ್ಲಿ ಲೂಮಿಯಾ 520 ಬಂತು. 10,499 ರೂಪಾಯಿ. ಮೆಮೊರಿ ಕಾರ್ಡ್ ಹಾಕಬಹುದು, ಬ್ಲೂಟೂತ್ ನಡೆಯುತ್ತದೆ. ಅದೇ ಬೆಲೆಯ ಆಂಡ್ರಾಯ್ಡ್ ಫೋನುಗಳು ಆಗ ಎಮ್ಮೆ ಥರ ನಿಂತುಬಿಡುತ್ತಿದ್ದವು, ಇದು ಸರಾಗವಾಗಿ ಓಡುತ್ತಿತ್ತು. ನೋಡಿ, ಇದಕ್ಕೆ ಯಾವ ಸಿಮ್ ಕಂಪನಿಯೂ ಇಲ್ಲಿ ಬೆನ್ನಿಗೆ ನಿಲ್ಲಲಿಲ್ಲ. ಆದರೂ ಹೋಯಿತು. ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದ ವಿಂಡೋಸ್ ಫೋನ್ ಅದೇ. ಯಾಕೆ? ಮಾರುವ ಹುಡುಗನಿಗೆ ಧೈರ್ಯವಾಗಿ ಹೇಳಲು ಒಂದು ಮಾತು ಸಿಕ್ಕಿತ್ತು: "ಹ್ಯಾಂಗ್ ಆಗಲ್ಲ, ನಾನು ಗ್ಯಾರಂಟಿ."

ಆದರೆ ಆಪ್‌ಗಳ ಕೊರತೆ ತೀರಲಿಲ್ಲ. ಇನ್‌ಸ್ಟಾಗ್ರಾಂ ಬರಲು 2013ರ ನವೆಂಬರ್ ಆಯಿತು. ಮೈಕ್ರೋಸಾಫ್ಟ್ ಅಲ್ಲಿಯೂ ಸ್ಕೀಮ್ ಇಟ್ಟಿತು. ಅದೇ ವರ್ಷ ಆಪ್ ಬರೆದು ಹಾಕಿದವರಿಗೆ ಆಪ್ ಒಂದಕ್ಕೆ 100 ಡಾಲರ್, ಒಬ್ಬರಿಗೆ ಒಟ್ಟು 2,000ದವರೆಗೆ. ನೂರು ಡಾಲರ್ ಕೊಟ್ಟರೆ ನೂರು ಡಾಲರಿನ ಆಪ್ ಬರುತ್ತದೆ, ಬ್ಯಾಂಕಿನ ಆಪ್ ಬರುವುದಿಲ್ಲ. ಮುಂದಿನದು ನಿಮಗೆ ಗೊತ್ತು. ನೋಕಿಯಾದ ಫೋನ್ ವ್ಯಾಪಾರವನ್ನು ಮೈಕ್ರೋಸಾಫ್ಟ್ 2014ರ ಏಪ್ರಿಲಿನಲ್ಲಿ ಕೊಂಡಿತು. 2015ರ ಜುಲೈನಲ್ಲಿ 760 ಕೋಟಿ ಡಾಲರನ್ನು ನಷ್ಟದ ಲೆಕ್ಕಕ್ಕೆ ಬರೆದು, 7,800 ಕೆಲಸಗಳನ್ನು ತೆಗೆಯಿತು.

ಇಷ್ಟು ಮಾರುವ ಹುಡುಗನ ಲೆಕ್ಕ. ಸಿಮ್ ಕಂಪನಿಯ ಲೆಕ್ಕ ಬೇರೆ. ಅದು ಹುಡುಗನಿಗಿಂತ ಸಾವಿರ ಪಾಲು ನಿಷ್ಠುರ.

ಅಮೆರಿಕದಲ್ಲಿ ಐಫೋನ್ 2007ರಿಂದ 2011ರ ಶುರುವಿನವರೆಗೆ ಎಟಿ ಅಂಡ್ ಟಿ ಒಬ್ಬರ ಬಳಿ ಮಾತ್ರ ಇತ್ತು. ಎದುರಾಳಿ ವೆರೈಝನ್ನಿಗೆ ಹೊಟ್ಟೆಯಲ್ಲಿ ಬೆಂಕಿ. 2008ರಲ್ಲಿ ಬ್ಲ್ಯಾಕ್‌ಬೆರಿಯ ಸ್ಟಾರ್ಮ್ ತಂದರು, ಕೈ ಹಿಡಿಯಲಿಲ್ಲ. 2009ರ ಕೊನೆಗೆ ಮೊಟೊರೊಲಾದ ಡ್ರಾಯ್ಡ್ ಅನ್ನುವ ಆಂಡ್ರಾಯ್ಡ್ ಫೋನ್ ಹಿಡಿದರು. ಪ್ರಚಾರಕ್ಕೆ ಹಣದ ಹೊಳೆ ಹರಿಸಿದರು. ಆಂಡ್ರಾಯ್ಡ್ ಅಮೆರಿಕದಲ್ಲಿ ನೆಲೆ ನಿಂತದ್ದು ಆವಾಗ. ವೆರೈಝನ್ನಿಗೆ ಆಂಡ್ರಾಯ್ಡ್ ಮೇಲೆ ಪ್ರೀತಿ ಇತ್ತಾ? ಇಲ್ಲ. ಎಟಿ ಅಂಡ್ ಟಿ ಮೇಲೆ ಎಸೆಯಲು ಒಂದು ಕಲ್ಲು ಬೇಕಿತ್ತು.

ಇದೇ ಹೊತ್ತಿಗೆ ಫೋನ್ ಮಾಡುವ ಪಾಮ್ ಕಂಪನಿಯ ಪಾಡು ನೋಡಿ. ಇವರ ವೆಬ್‌ಓಎಸ್ ತನ್ನ ಕಾಲಕ್ಕಿಂತ ಮುಂದಿತ್ತು. ಇವತ್ತು ನೀವು ಆಪ್‌ಗಳನ್ನು ಕಾರ್ಡಿನ ಹಾಗೆ ಮೇಲಕ್ಕೆ ತಳ್ಳಿ ಮುಚ್ಚುತ್ತೀರಲ್ಲ, ಅದು 2009ರಲ್ಲೇ ಅಲ್ಲಿತ್ತು. ಮೊದಲು ಸ್ಪ್ರಿಂಟ್ ಅನ್ನುವ ಸಿಮ್ ಕಂಪನಿಯಲ್ಲಿ ಬಂತು. 2010ರ ಜನವರಿಯಲ್ಲಿ ವೆರೈಝನ್ನಿಗೂ ಬಂತು. ಆದರೆ ಅಷ್ಟರಲ್ಲಿ ವೆರೈಝನ್ ಕೈಗೆ ಕಲ್ಲು ಸಿಕ್ಕಾಗಿತ್ತು. ಎರಡನೇ ಕಲ್ಲು ಯಾಕೆ? ಪಾಮ್ ಫೋನುಗಳು ಅಂಗಡಿಯಲ್ಲಿ ಧೂಳು ಹಿಡಿದವು. ಆಗ ಪಾಮ್‌ನ ಮುಖ್ಯಸ್ಥ ಜಾನ್ ರುಬಿನ್‌ಸ್ಟೀನ್ ಒಂದು ಕೆಲಸ ಮಾಡಿದರು. ಸುಮಾರು ಇನ್ನೂರು ಜನರನ್ನು ವೆರೈಝನ್ ಅಂಗಡಿಗಳಿಗೆ ಕಳಿಸಿ, ಅಲ್ಲಿನ ಹುಡುಗರಿಗೆ ಫೋನ್ ಹೇಗೆ ತೋರಿಸಬೇಕು ಅಂತ ಪಾಠ ಹೇಳಿಸಿದರು. ಆಮೇಲೆ ಒಂದು ಕೊಂಡರೆ ಒಂದು ಉಚಿತ, ಹಾಟ್‌ಸ್ಪಾಟ್ ಉಚಿತ, ಎಲ್ಲ ಬಂತು. ತಡವಾಗಿತ್ತು. ಏಪ್ರಿಲ್ 28ಕ್ಕೆ ಎಚ್‌ಪಿ ಕಂಪನಿ 120 ಕೋಟಿ ಡಾಲರಿಗೆ ಪಾಮ್ ಕೊಳ್ಳುವ ಘೋಷಣೆ ಆಯಿತು. ಅಲ್ಲಿಂದ ಮುಂದೆ ಇನ್ನೂ ದುಃಖದ ಕತೆ, ಬಿಡಿ.

ಸಿಮ್ ಕಂಪನಿಗೆ ಮನಸ್ಸಿಲ್ಲದಿದ್ದರೆ ಎಷ್ಟು ಬೇಗ ಮುಗಿಯುತ್ತದೆ ಅಂತ ನೋಡಬೇಕಾದರೆ ಮೈಕ್ರೋಸಾಫ್ಟಿನ ಕಿನ್ ಫೋನ್ ನೋಡಿ. ಹರೆಯದ ಹುಡುಗರಿಗೆ ಅಂತ ಮಾಡಿದ್ದು. ಅದಕ್ಕೆ ವೆರೈಝನ್ ದೊಡ್ಡವರ ಸ್ಮಾರ್ಟ್‌ಫೋನಿನ ಡೇಟಾ ಪ್ಲಾನನ್ನೇ ಕಟ್ಟಿತು, ತಿಂಗಳಿಗೆ 30 ಡಾಲರ್. ಯಾವ ಅಪ್ಪ ಕಟ್ಟುತ್ತಾನೆ? 2010ರ ಮೇನಲ್ಲಿ ಬಂದ ಫೋನನ್ನು ಜೂನ್ ಕೊನೆಗೆ ನಿಲ್ಲಿಸಿದರು. ನಮ್ಮಲ್ಲಿ ಮದುವೆ ಮನೆಯ ಚಪ್ಪರ ಇನ್ನೂ ಸ್ವಲ್ಪ ಜಾಸ್ತಿ ದಿನ ಇರುತ್ತದೆ.

ಸರಿ, ನಮ್ಮ ದೇಶಕ್ಕೆ ಬನ್ನಿ. ಇಲ್ಲಿ ಕಾಂಟ್ರಾಕ್ಟ್ ಪದ್ಧತಿ ಬೇರು ಬಿಡಲಿಲ್ಲ. ನಾವೆಲ್ಲ ಪ್ರೀಪೇಯ್ಡ್ ಜನ. ಸಿಮ್ ಒಂದು ಕಡೆ, ಫೋನ್ ಒಂದು ಕಡೆ. 2008ರ ಆಗಸ್ಟಿನಲ್ಲಿ ಏರ್‌ಟೆಲ್, ವೊಡಾಫೋನ್ ಐಫೋನ್ ತಂದಾಗ ಬೆಲೆ 31,000 ರೂಪಾಯಿ. ಅಮೆರಿಕದಲ್ಲಿ ಕಾಂಟ್ರಾಕ್ಟ್ ಮೇಲೆ 199 ಡಾಲರ್ ಅಂತ ಓದಿದವರು ಇಲ್ಲಿಯ ಬೆಲೆ ಕೇಳಿ ಸುಮ್ನೆ ನೋಡಿ ವಾಪಸ್ ಬಂದರು. ಕಂಪನಿ ಕೈಯಿಂದ ದುಡ್ಡು ಹಾಕಿ ಫೋನ್ ಕೊಟ್ಟ ದೊಡ್ಡ ಉದಾಹರಣೆ ಅದಕ್ಕೂ ಮೊದಲಿನದು. 2003ರ ರಿಲಯನ್ಸ್ ಮಾನ್ಸೂನ್ ಹಂಗಾಮ, 501 ರೂಪಾಯಿ ಕೊಟ್ಟರೆ ಕೈಯಲ್ಲಿ ಫೋನ್. ನಮ್ಮ ಮನೆಗೂ ಒಂದು ಬಂದಿತ್ತು. ಬೀದಿಯವರೆಲ್ಲ ತಗೊಂಡರು. ಬಿಲ್ ಕಟ್ಟಿದವರು ಎಷ್ಟು ಅಂತ ಕೇಳಬೇಡಿ.

ಹಾಗಾಗಿ ಇಲ್ಲಿ ಹೊಸ ಓಎಸ್ ತಂದವರಿಗೆ ಸಿಮ್ ಕಂಪನಿಯಿಂದ ಸಿಗುತ್ತಿದ್ದದ್ದು ಒಂದು ಚೀಟಿ ಡೇಟಾ ಅಷ್ಟೇ. 2015ರ ಜನವರಿಯಲ್ಲಿ ಸ್ಯಾಮ್‌ಸಂಗ್ ಟೈಝೆನ್ ಓಎಸ್‌ನ ಮೊದಲ ಫೋನ್ ಝೆಡ್1 ತಂದದ್ದು ಭಾರತದಲ್ಲೇ, 5,700 ರೂಪಾಯಿಗೆ. ರಿಲಯನ್ಸ್, ಏರ್‌ಸೆಲ್ ಸಿಮ್ ಇದ್ದವರಿಗೆ ಆರು ತಿಂಗಳು ತಿಂಗಳಿಗೆ 500 ಎಂಬಿ ಉಚಿತ. ಸರಿ, ಆರು ತಿಂಗಳು ಆದ ಮೇಲೆ? ಬ್ಲ್ಯಾಕ್‌ಬೆರಿ ಝೆಡ್10 ಇನ್ನೂ ಬೇರೆ. 2013ರ ಫೆಬ್ರವರಿಯಲ್ಲಿ 43,490 ರೂಪಾಯಿಗೆ ಬಂದದ್ದು, ಮುಂದಿನ ವರ್ಷ 17,990ಕ್ಕೆ ಇಳಿಯಿತು. ಮೊದಲು ಕೊಂಡವನ ಮುಖ ಅಂಗಡಿಯವನು ನೋಡಬೇಕಲ್ಲ! ಬೆಲೆ ಇಳಿಸುವುದೂ ಒಂದು ಸ್ಕೀಮೇ. ಆದರೆ ಅದು ಹಿಂದಿನ ಗ್ರಾಹಕನ ಜೇಬಿನಿಂದ ಹೋಗುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಉದಾಹರಣೆ. ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಝಿಲ್ಲಾ 2013ರಲ್ಲಿ ಫೈರ್‌ಫಾಕ್ಸ್ ಓಎಸ್ ತೋರಿಸಿದಾಗ ಹದಿನೆಂಟು ಸಿಮ್ ಕಂಪನಿಗಳು ಜೊತೆಗಿದ್ದವು. ಸ್ಪೇನಿನ ಟೆಲಿಫೋನಿಕಾ ಎಲ್ಲರಿಗಿಂತ ಮುಂದೆ. ಗೂಗಲ್, ಆ್ಯಪಲ್ ಹಂಗಿನಿಂದ ತಪ್ಪಿಸಿಕೊಳ್ಳಬೇಕು ಅನ್ನುವುದು ಅವರ ಆಸೆ. 2014ರ ಆಗಸ್ಟಿನಲ್ಲಿ ನಮ್ಮಲ್ಲೂ ಇಂಟೆಕ್ಸ್ ಕ್ಲೌಡ್ ಎಫ್‌ಎಕ್ಸ್ ಬಂತು, 1,999 ರೂಪಾಯಿ. ಅದಕ್ಕೆ ಇಲ್ಲಿ ಸಿಮ್ ಕಂಪನಿಯ ಬೆನ್ನು ಇರಲಿಲ್ಲ. 128 ಎಂಬಿ ರ‍್ಯಾಮ್, 3ಜಿ ಇಲ್ಲ. 2015ರ ಡಿಸೆಂಬರಿನಲ್ಲಿ ಮೊಝಿಲ್ಲಾ ಸಿಮ್ ಕಂಪನಿಗಳ ಮೂಲಕ ಫೋನ್ ಮಾರುವುದನ್ನೇ ನಿಲ್ಲಿಸುತ್ತೇವೆ ಅಂದಿತು. ಹದಿನೆಂಟು ಜನ ಚಪ್ಪಾಳೆ ತಟ್ಟಿದ್ದರು. ಒಬ್ಬರಿಗೂ ಅದು ಇಲ್ಲದಿದ್ದರೆ ವ್ಯಾಪಾರ ನಿಲ್ಲುತ್ತದೆ ಅನ್ನುವ ಸ್ಥಿತಿ ಇರಲಿಲ್ಲ.

ಆದರೆ ಅದರ ಬೇರಿನಿಂದಲೇ ಕೈಓಎಸ್ ಚಿಗುರಿತು. ಆ ಓಎಸ್ ಮೇಲೆ ನಡೆಯುವ ಜಿಯೋಫೋನ್ 2017ರ ಜುಲೈನಲ್ಲಿ ಘೋಷಣೆ ಆಯಿತು. 1,500 ರೂಪಾಯಿ ಠೇವಣಿ, ಮೂರು ವರ್ಷಕ್ಕೆ ವಾಪಸ್, ತಿಂಗಳಿಗೆ 153 ರೂಪಾಯಿ ಪ್ಲಾನ್. ಜಿಯೋಗೆ ಯಾಕೆ ಬೇಕಿತ್ತು? ಜಿಯೋದು 4ಜಿ ಮಾತ್ರ ಇದ್ದ ನೆಟ್‌ವರ್ಕ್. ಹಳೆಯ ಕೀಪ್ಯಾಡ್ ಸೆಟ್ಟಿನಲ್ಲಿ ಜಿಯೋ ಸಿಮ್ ಹಾಕಿದರೆ ಹಲೋ ಅನ್ನಲೂ ಆಗದು. ಕೋಟಿಗಟ್ಟಲೆ ಕೀಪ್ಯಾಡ್ ಜನರನ್ನು ಎಳೆಯಲು ಅಗ್ಗದ 4ಜಿ ಫೋನ್ ಇಲ್ಲದೆ ದಾರಿ ಇರಲಿಲ್ಲ. ಹಾಗಾಗಿ ಮೈಮೇಲೆ ಹಾಕಿಕೊಂಡು ಮಾರಿದರು. ನಮ್ಮ ಹಳ್ಳಿಗಳಲ್ಲಿ ಅಡಿಕೆ ಸುಲಿಯುವ ಹೆಂಗಸರ ಸೊಂಟದಲ್ಲಿ ಅದು ಬಂತು. 2018ರ ಸೆಪ್ಟೆಂಬರಿನಲ್ಲಿ ವಾಟ್ಸ್ಆ್ಯಪ್ ಬಂತು. ಲೂಮಿಯಾದವರು ಆಪ್ ಮಾಡುವವರ ಬಾಗಿಲು ಬಡಿದು ಬಡಿದು ಸುಸ್ತಾಗಿದ್ದರು. ಇಲ್ಲಿ ಜನ ಇದ್ದ ಕಡೆಗೆ ಆಪ್‌ಗಳೇ ಬಂದವು, ಗೂಗಲ್ ಸಹ ಕೈಓಎಸ್ ಕಂಪನಿಯಲ್ಲಿ 2.2 ಕೋಟಿ ಡಾಲರ್ ಹಾಕಿತು.

ಜಿಯೋಗೂ ಕೈಓಎಸ್ ಮೇಲೆ ಪ್ರೀತಿ ಏನಿರಲಿಲ್ಲ. 2021ರ ನವೆಂಬರಿನಲ್ಲಿ ತಂದ ಜಿಯೋಫೋನ್ ನೆಕ್ಸ್ಟ್ ಆಂಡ್ರಾಯ್ಡ್ ಮೇಲೆ ನಡೆಯುವ ಫೋನ್. ಹೊಳೆ ದಾಟಿದ ಮೇಲೆ ಅಂಬಿಗನ ಕತೆ ನಿಮಗೆ ಗೊತ್ತೇ ಇದೆ.

ಕೊನೆಗೆ ಪ್ರಶ್ನೆ ಕೇಳಲು ಸಮಯ ಇತ್ತು. ಹಿಂದಿನ ಸಾಲಿನ ಒಬ್ಬಳು ಹುಡುಗಿ ಎದ್ದು, "ಸರ್, ಆ ಮೇಷ್ಟ್ರ ಫೋನ್ ಏನಾಯ್ತು? ನಿಮ್ಮ 300 ರೂಪಾಯಿ?" ಅಂತ ಕೇಳಿದಳು. ಅವತ್ತು ಕೊಟ್ಟ ಉತ್ತರವನ್ನೇ ಇಲ್ಲೂ ಬರೆಯುತ್ತೇನೆ.

ನಮ್ಮ ಮಾಲೀಕರು ಮೇಷ್ಟ್ರಿಗೆ ಬೇರೆ ಫೋನ್ ಕೊಡಿಸಿದರು. ಊರಿನ ಅರ್ಧ ಜನಕ್ಕೆ ಪಾಠ ಹೇಳಿದವರು, ಬೇರೆ ದಾರಿ ಇರಲಿಲ್ಲ. ಹಳೆಯದು ಡ್ರಾಯರ್ ಸೇರಿತು. ಆದರೆ ಅದರ ಐಎಂಇಐ ನಂಬರ್, ಅಂದರೆ ಫೋನಿನ ಗುರುತಿನ ಸಂಖ್ಯೆ, ಒಂದು ಸಲ ಆಕ್ಟಿವೇಟ್ ಆಗಿತ್ತಲ್ಲ, ಕಂಪನಿಯ ಪಟ್ಟಿಯಲ್ಲಿ ಅದು ಮಾರಾಟವಾದ ಫೋನ್. ತಿಂಗಳ ಕೊನೆಗೆ ನನ್ನ 300 ಸರಿಯಾಗಿ ಬಂತು. ಅದೇ ತಿಂಗಳು ಮಾಲೀಕರು ಆ ಫೋನ್ ನನ್ನ ಕೈಗೇ ಕೊಟ್ಟು, ಅರ್ಧ ಬೆಲೆಯನ್ನು ಸಂಬಳದಲ್ಲಿ ನಾಲ್ಕು ಕಂತಾಗಿ ಹಿಡಿದುಕೊಂಡರು. ಎರಡು ವರ್ಷ ಅದನ್ನೇ ಬಳಸಿದೆ. ಒಂದು ದಿನವೂ ಹ್ಯಾಂಗ್ ಆಗಲಿಲ್ಲ.